ಫಳ್ನೀರಿನ ಸ್ಟಾಪಿನಿಂದ ಲಾಡ್ಜಿನ ಗೇಟಿನವರೆಗೆ

ರೋಷನ್ ಪೂಜಾರಿಗೆ ಈಗ ಮೂವತ್ತಾರು ವರ್ಷ. ಇಪ್ಪತ್ತೊಂಬತ್ತನೆಯ ವಯಸ್ಸಿನವರೆಗೆ ನಡೆದದ್ದೆಲ್ಲ ಅವನಿಗೆ ಚೆನ್ನಾಗಿ ನೆನಪಿದೆ. ಆಮೇಲಿನದು ಯಾವುದೂ ಇಲ್ಲ. ಬೆಳಿಗ್ಗೆ ಏನು ತಿಂದೆ ಎಂದು ಹತ್ತು ಗಂಟೆಗೆ ಕೇಳಿದರೆ ನಗುತ್ತಾನೆ, ತಾಯಿಯ ಮುಖ ನೋಡುತ್ತಾನೆ, ಆಮೇಲೆ ಬಾಯಿಗೆ ಬಂದ ಒಂದು ತಿಂಡಿಯ ಹೆಸರು ಹೇಳುತ್ತಾನೆ. ಆದರೆ ಮಸ್ಕತ್‌ನ ಕ್ಯಾಂಪಿನ ಕೋಣೆಯಲ್ಲಿ ಯಾರ ಮಂಚ ಎಲ್ಲಿತ್ತು, ಯಾರು ಗೊರಕೆ ಹೊಡೆಯುತ್ತಿದ್ದರು ಎಂದು ಕೇಳಿದರೆ ಒಂದೂ ತಪ್ಪದೆ ಹೇಳುತ್ತಾನೆ.

ಅವನು ಏಸಿ ಮೆಕ್ಯಾನಿಕ್ ಆಗಿದ್ದ. ಐಟಿಐ ಮುಗಿಸಿ ಸುರತ್ಕಲ್‌ನಲ್ಲಿ ಎರಡು ವರ್ಷ ದುಡಿದು ಮಸ್ಕತ್‌ಗೆ ಹೋದವನು. ಇಪ್ಪತ್ತೆಂಟಕ್ಕೆ ಅಕ್ಷಿತಾಳೊಂದಿಗೆ ಮದುವೆ. ಮರುವರ್ಷ ನಲವತ್ತೈದು ದಿನಗಳ ರಜೆಯಲ್ಲಿ ಊರಿಗೆ ಬಂದಿದ್ದಾಗ, ಮರಳಿ ಹೊರಡಲು ಇನ್ನು ಹನ್ನೆರಡು ದಿನ ಇದೆ ಎನ್ನುವಾಗ, ಕೂಳೂರು ಸೇತುವೆಯ ಹತ್ತಿರ ಅವನ ಬೈಕ್ ಮರಳಿನ ಮೇಲೆ ಜಾರಿತು. ಹೆಲ್ಮೆಟ್ ಇತ್ತು, ಗಲ್ಲದ ಪಟ್ಟಿ ಹಾಕಿರಲಿಲ್ಲ. ಹತ್ತೊಂಬತ್ತು ದಿನ ಅವನು ಕಣ್ಣು ತೆರೆಯಲಿಲ್ಲ.

ತೆರೆದಾಗ ತಾಯಿ ಬಾಗಿಯನ್ನು ಗುರುತು ಹಿಡಿದ, ಹೆಂಡತಿಯನ್ನು ಗುರುತು ಹಿಡಿದ. ಒಂದು ತಿಂಗಳಲ್ಲಿ ನಡೆಯತೊಡಗಿದ. ನೆರೆಯವರೆಲ್ಲ ಇನ್ನೇನು ಸರಿಹೋದ ಎಂದುಕೊಂಡರು. ಅಕ್ಷಿತಾಳಿಗೆ ಮಾತ್ರ ಆಸ್ಪತ್ರೆಯಲ್ಲೇ ಅನುಮಾನ ಬಂದಿತ್ತು. ಅವನು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ.

"ಅಕ್ಷಿ, ನನ್ನ ರಜೆ ಇನ್ನೆಷ್ಟು ದಿನ ಉಂಟು?"

ಅವಳು ಏನೋ ಒಂದು ಹೇಳುತ್ತಿದ್ದಳು. ಕಾಲು ಗಂಟೆ ಕಳೆದು ಮತ್ತೆ ಅದೇ. ಅವನ ತಲೆಯೊಳಗೆ ಆ ರಜೆ ಮುಗಿದೇ ಇರಲಿಲ್ಲ. ಟಿಕೆಟ್ ಎಲ್ಲಿ, ಪಾಸ್‌ಪೋರ್ಟ್ ಎಲ್ಲಿ, ಕಂಪೆನಿಗೆ ಫೋನ್ ಮಾಡಬೇಕು ಎಂದು ಕಪಾಟು ತೆರೆದು ಹುಡುಕುತ್ತಿದ್ದ. ಸಿಗದಿದ್ದರೆ ಸಿಟ್ಟು. ಒಮ್ಮೆ ಅಕ್ಷಿತಾ ತಡೆಯಲಾರದೆ, "ಕಂಪೆನಿಯವರು ನಿಮ್ಮನ್ನು ಬಿಟ್ಟು ವರ್ಷ ಆಯ್ತು, ನಿಮ್ಗೆ ಆಕ್ಸಿಡೆಂಟ್ ಆಗಿದೆ" ಎಂದು ಹೇಳಿಬಿಟ್ಟಳು. ಅವನು ಗೋಡೆಗೆ ಒರಗಿ ಕುಳಿತು ಮಗುವಿನಂತೆ ಅತ್ತ. ಕಣ್ಣು ಒರೆಸಿಕೊಂಡು ಎದ್ದವನು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೇಳಿದ. ಆ ದಿನದಿಂದ ಅವಳು ನಿಜ ಹೇಳುವುದನ್ನು ಬಿಟ್ಟಳು.

ಮನೆ ನಡೆಯಬೇಕಿತ್ತು. ಅಕ್ಷಿತಾ ಸುರತ್ಕಲ್‌ನ ಒಂದು ಬಟ್ಟೆ ಅಂಗಡಿಗೆ ಸೇರಿದಳು. ಬಾಗಿ ಮನೆಯಲ್ಲಿ ಬೀಡಿ ಕಟ್ಟುತ್ತ ಮಗನನ್ನು ನೋಡಿಕೊಳ್ಳುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು ಗಟ್ಟಿಮುಟ್ಟಾದ ಗಂಡಸನ್ನು ಎಷ್ಟೆಂದು ಹಿಡಿದಾಳು? ಎರಡು ಸಲ ಅವನು ವಿಮಾನ ನಿಲ್ದಾಣಕ್ಕೆಂದು ಹೊರಟು ಹೈವೇಯಲ್ಲಿ ಸಿಕ್ಕಿದ.

ಕೆಲಸಕ್ಕೆ ಹಾಕಿದರೆ ಸರಿಹೋಗಬಹುದೆಂದು ಅಕ್ಷಿತಾ ಅವನ ಹಳೆಯ ಗೆಳೆಯನೊಬ್ಬನ ಏಸಿ ರಿಪೇರಿ ಅಂಗಡಿಯಲ್ಲಿ ಕೇಳಿಕೊಂಡಳು. ಮೂರನೆಯ ದಿನ ಅವನು ಯಾರದೋ ಮನೆಯ ಏಸಿ ಬಿಚ್ಚಿ, ನೀರು ಕುಡಿಯಲೆಂದು ಹೊರಗೆ ಬಂದು, ತಾನೇಕೆ ಅಲ್ಲಿದ್ದೇನೆಂದು ತಿಳಿಯದೆ ನಡೆದುಹೋದ. ಗೆಳೆಯ ಕೈ ಮುಗಿದ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದಲ್ಲಿ ಒಬ್ಬರು ರೋಷನ್‌ನನ್ನು ಮೇಲಿಂದ ಕೆಳಗೆ ನೋಡಿ, "ಕೈ ಉಂಟು, ಕಾಲುಂಟು, ಮಾತಾಡ್ತಾರೆ. ಯಾವ ಕಾಲಮ್ಮಿನಲ್ಲಿ ಬರೀಲಿ ನಾನು?" ಎಂದು ಕೇಳಿದರು. ಆ ಕಾಗದಕ್ಕಾಗಿಯೇ ಎರಡು ವರ್ಷ ಅಲೆದಾಟ.

ಹೀಗೆ ಐದನೆಯ ವರ್ಷ ನಡೆಯುತ್ತಿರುವಾಗ ಉಮಾವತಿ ಬಂದಳು.

ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿದ್ದಳು. ನಲವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಇರುವ ಕೆಲಸಕ್ಕೆ ಜನರನ್ನು ಕಳಿಸುವುದು ಅವಳ ರೀತಿಯಲ್ಲ. ಮೊದಲು ಮನುಷ್ಯನನ್ನು ನೋಡುವುದು, ಅವನಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಿಳಿಯುವುದು, ಆಮೇಲೆ ಅವನ ಅಳತೆಗೆ ಕೆಲಸವನ್ನು ಹೊಲಿಸುವುದು. ನಾಲ್ಕು ದಿನ ಅವಳು ಬಾಗಿಯ ಪಕ್ಕದಲ್ಲಿ ಕುಳಿತು ರೋಷನ್‌ನನ್ನು ಸುಮ್ಮನೆ ನೋಡಿದಳು. ಬಾಗಿಗೆ ಇದು ಹಿಡಿಸಲಿಲ್ಲ.

"ಇವಳು ಎಂತ ನೋಡುದು? ನಾವು ಐದು ವರ್ಷದಿಂದ ನೋಡ್ತಾ ಇಲ್ವಾ?" ಎಂದು ಸೊಸೆಯಲ್ಲಿ ಹೇಳಿದಳು.

ನಾಲ್ಕನೆಯ ದಿನ ಉಮಾವತಿ ಒಂದು ಹಳೆಯ ಟೇಬಲ್ ಫ್ಯಾನ್ ತಂದು ಅವನ ಎದುರಿಗಿಟ್ಟಳು. ಅವನು ಸ್ಕ್ರೂ ಡ್ರೈವರ್ ಕೇಳಿದ. ಒಂದೂವರೆ ಗಂಟೆ ಬಿಚ್ಚಿದ, ಉಜ್ಜಿದ, ಜೋಡಿಸಿದ. ಅಷ್ಟು ಹೊತ್ತೂ ರಜೆಯ ಸುದ್ದಿ ತೆಗೆಯಲಿಲ್ಲ.

ಸಂಜೆ ಅಂಗಡಿಯಿಂದ ಬಂದ ಅಕ್ಷಿತಾಳಿಗೆ ಉಮಾವತಿ ಹೇಳಿದಳು: "ಕೆಲಸ ಕಣ್ಣೆದುರು ಇರುವಷ್ಟು ಹೊತ್ತು ಅವರಿಗೆ ಎಂತ ತೊಂದರೆ ಇಲ್ಲ. ಮುಂಚೆ ಎಂತ ಮಾಡಿದ್ದು ಅಂತ ನೆನಪು ಮಾಡ್ಬೇಕಾದಾಗ ಮಾತ್ರ ತೊಂದರೆ. ಹಾಗಾದ್ರೆ ನೆನಪು ಬೇಡದ ಕೆಲಸ ಹುಡುಕುವ."

"ಅಂಥ ಕೆಲಸ ಉಂಟಾ ಮೇಡಂ?"

"ಇಲ್ಲ. ಮಾಡಿಸ್ಬೇಕು."

ಮಾಡಿಸಿದಳು ಕೂಡ. ಫಳ್ನೀರಿನಲ್ಲಿ ಆಸ್ಪತ್ರೆಗೆ ಬಂದವರ ಮನೆಯವರು ಉಳಿದುಕೊಳ್ಳುವ ಒಂದು ಲಾಡ್ಜ್ ಇತ್ತು. ಅರವತ್ತು ಕೋಣೆ. ಮಾಲೀಕ ಚಿತ್ತರಂಜನ ಶೆಟ್ಟರು. ಏಸಿಯ ಫಿಲ್ಟರುಗಳನ್ನು ತೊಳೆಯಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಕೋಣೆಗಳಲ್ಲಿ ಮುಗ್ಗಲು ವಾಸನೆ ಎಂದು ಗಿರಾಕಿಗಳು ದೂರುತ್ತಾರೆ ಎಂಬುದನ್ನು ಉಮಾವತಿ ತಿಳಿದುಕೊಂಡಳು. ಶೆಟ್ಟರ ಹತ್ತಿರ ಹೋಗಿ, ಬರೀ ಆ ಒಂದು ಕೆಲಸಕ್ಕೆ ಒಬ್ಬ ಜನ ಇದ್ದಾನೆ ಎಂದಳು. ಪ್ರತಿ ಏಸಿಯ ಕೆಳಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ತೂಗುಹಾಕಿದಳು, ಒಂದು ಬದಿ ಕೆಂಪು, ಒಂದು ಬದಿ ಹಸಿರು. ಸೋಮವಾರ ಹೌಸ್‌ಕೀಪಿಂಗಿನವರು ಎಲ್ಲವನ್ನೂ ಕೆಂಪಿಗೆ ತಿರುಗಿಸುತ್ತಾರೆ. ರೋಷನ್ ತೊಳೆದು ಹಾಕಿದ ಮೇಲೆ ಹಸಿರಿಗೆ ತಿರುಗಿಸುತ್ತಾನೆ. ಜನ ಇಲ್ಲದ ಕೋಣೆಗಳ ಕೀಲಿ ಮಾತ್ರ ಒಂದು ತಟ್ಟೆಯಲ್ಲಿ ಅವನ ಕೈಗೆ. ಯಾವುದನ್ನೂ ಅವನು ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ.

ದಾರಿ ಕಲಿಸುವುದು ಹೆಚ್ಚು ಕಷ್ಟವಾಯಿತು. ಮೂರೂವರೆ ತಿಂಗಳು ಉಮಾವತಿ ಬೆಳಿಗ್ಗೆ ಏಳೂ ಕಾಲಿಗೆ ಕೂಳೂರಿಗೆ ಬಂದು, ಅವನ ಜೊತೆ ಅದೇ ಬಸ್ಸು ಹತ್ತಿ, ಅದೇ ಬದಿಯಲ್ಲಿ ಕುಳಿತು, ಫಳ್ನೀರಿನ ಸ್ಟಾಪಿನಲ್ಲಿ ಇಳಿದು ಲಾಡ್ಜಿನ ಗೇಟಿನವರೆಗೆ ನಡೆದಳು. ಒಮ್ಮೆಯೂ ತಪ್ಪು ತಿರುಗಲು ಬಿಡಲಿಲ್ಲ. ತಪ್ಪು ಹೆಜ್ಜೆ ಎತ್ತುವ ಮೊದಲೇ ಭುಜ ಮುಟ್ಟುತ್ತಿದ್ದಳು.

"ತಪ್ಪು ಕೂಡ ಅಭ್ಯಾಸ ಆಗ್ತದೆ. ಅದು ಮತ್ತೆ ಬಿಡುದಿಲ್ಲ," ಎಂದು ಅಕ್ಷಿತಾಳಿಗೆ ವಿವರಿಸಿದ್ದಳು.

ಭಾನುವಾರ ರಜೆ ಎಂದರೆ ಅವನಿಗೆ ಗೊತ್ತಾಗುವುದಿಲ್ಲವಾದ್ದರಿಂದ ವಾರದ ಏಳೂ ದಿನ, ಎಂಟರಿಂದ ಹನ್ನೆರಡರವರೆಗೆ ಎಂದು ಮಾತಾಯಿತು. ನಾಲ್ಕನೆಯ ತಿಂಗಳಲ್ಲಿ ಉಮಾವತಿ ಹಿಂದಿನ ಸೀಟಿನಲ್ಲಿ ಕುಳಿತಳು, ಆಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟಳು. ಎಲ್ಲಿ ಕೆಲಸ ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ ರೋಷನ್ "ಮಸ್ಕತ್‌ನಲ್ಲಿ" ಎನ್ನುತ್ತಿದ್ದ. ಆದರೆ ಏಳೂವರೆಗೆ ಅವನ ಕಾಲು ತಾನಾಗಿ ಬಸ್ ಸ್ಟಾಪಿಗೆ ಹೋಗುತ್ತಿತ್ತು. ಮಧ್ಯಾಹ್ನ ಲಾಡ್ಜಿನ ವಾಚ್‌ಮನ್ ನೋಣಯ್ಯ ಅವನನ್ನು ಮರಳುವ ಬಸ್ಸಿಗೆ ಹತ್ತಿಸುತ್ತಿದ್ದ. ಕೂಳೂರಿನಲ್ಲಿ ಬಾಗಿ ಕಾದಿರುತ್ತಿದ್ದಳು.

ಒಂದು ವರ್ಷ ಎರಡು ತಿಂಗಳು ಹೀಗೆ ನಡೆಯಿತು. ರಜೆಯ ಪ್ರಶ್ನೆ ಕಡಿಮೆಯಾಯಿತು, ಕೆಲವು ದಿನ ಇಲ್ಲವೇ ಇಲ್ಲ. ಊಟ ಮಾಡಿ ನಿದ್ದೆ ಮಾಡುತ್ತಿದ್ದ. ಬಾಗಿ ಮತ್ತೆ ನೆರೆಮನೆಗೆ ಹೋಗಿ ಕುಳಿತು ಮಾತಾಡುವಷ್ಟಾದಳು. ಅಕ್ಷಿತಾಳಿಗೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವಾಗ ಫೋನ್ ಬಂದರೆ ಎದೆ ಹಾರುತ್ತಿದ್ದದ್ದು ನಿಂತಿತು.

ಆಮೇಲೆ ಎರಡು ತಿಂಗಳೊಳಗೆ ಎಲ್ಲ ಕೈಬಿಟ್ಟು ಹೋಯಿತು.

ಮೊದಲು ಉಮಾವತಿಯ ಸಂಸ್ಥೆಗೆ ಬರುತ್ತಿದ್ದ ನೆರವು ಮಾರ್ಚಿಗೆ ನಿಂತಿತು. ಅವಳಿಗೆ ಕೆಲಸವಿಲ್ಲದಾಯಿತು. ಸುರತ್ಕಲ್‌ನ ಒಂದು ಶಾಲೆಯ ಆಫೀಸಿಗೆ ಸೇರಿಕೊಂಡಳು. ಹೋಗುವ ಮೊದಲು ಲಾಡ್ಜಿಗೆ ಬಂದು ಎಲ್ಲರಿಗೂ ನಂಬರು ಕೊಟ್ಟಳು, ಬಿಲ್ಲೆಯ ವಿಷಯ ಮತ್ತೆ ಹೇಳಿದಳು. ಅದೇ ಹೊತ್ತಿಗೆ ಚಿತ್ತರಂಜನ ಶೆಟ್ಟರು ವಯಸ್ಸಾಯಿತೆಂದು ವ್ಯವಹಾರವನ್ನು ಮಗ ಕೌಶಲ್‌ಗೆ ಒಪ್ಪಿಸಿದರು. ಕೌಶಲ್ ಲಾಡ್ಜನ್ನು ಹೊಸದು ಮಾಡಿಸಿದ. ಗೋಡೆಗೆ ಬಣ್ಣ ಬಂತು, ಕೀಲಿಯ ಬದಲು ಕಾರ್ಡು ಬಂತು. ಬಿಲ್ಲೆಗಳು ಚೆಂದ ಕಾಣುವುದಿಲ್ಲವೆಂದು ಬಣ್ಣದವರು ಕಿತ್ತು ಒಂದು ಬಕೆಟ್ಟಿನಲ್ಲಿ ಹಾಕಿದರು. ಯಾರೂ ಮತ್ತೆ ಕಟ್ಟಲಿಲ್ಲ. ತಟ್ಟೆಯ ಕೀಲಿಗಳ ಬದಲು ರೋಷನ್‌ನ ಕೈಗೆ ಎಲ್ಲ ಕೋಣೆ ತೆರೆಯುವ ಒಂದು ಕಾರ್ಡು ಸಿಕ್ಕಿತು.

ಅವನು ಇನ್ನೂರ ನಾಲ್ಕನೆಯ ಕೋಣೆಯ ಫಿಲ್ಟರನ್ನು ಒಂದೇ ದಿನ ಆರು ಸಲ ತೊಳೆದ. ಮೂರನೆಯ ಮಹಡಿಗೆ ವಾರಗಟ್ಟಲೆ ಹೋಗಲೇ ಇಲ್ಲ. ಒಂದು ಬೆಳಿಗ್ಗೆ ಜನ ಇರುವ ಕೋಣೆಯ ಬಾಗಿಲು ತೆರೆದು ಒಳಗೆ ಹೋದ. ಸ್ನಾನ ಮುಗಿಸಿ ಬಂದ ಹೆಂಗಸು ಕಿರುಚಿದಳು. ಇವನು ಹೆದರಿ ಅಲ್ಲೇ ನಿಂತುಬಿಟ್ಟ. ಅವಳ ಗಂಡ ಬಂದು ಕಾಲರ್ ಹಿಡಿದಾಗ ಯಾಕೆ ಬಂದೆ ಎಂದು ಹೇಳಲು ಇವನಿಗೆ ತಿಳಿಯಲಿಲ್ಲ.

ಕೌಶಲ್ ಅಕ್ಷಿತಾಳನ್ನು ಕರೆಸಿದ. ಒರಟಾಗಿ ಏನೂ ಮಾತಾಡಲಿಲ್ಲ.

"ನೋಡಿ, ನನಗೂ ಬೇಜಾರುಂಟು. ಆದ್ರೆ ಅವರು ಪೊಲೀಸ್ ಕಂಪ್ಲೇಂಟ್ ಕೊಡ್ತೇವೆ ಅಂತ ಕೂತಿದ್ರು. ನಾನು ಕೈ ಕಾಲು ಹಿಡಿದು ಕಳಿಸಿದ್ದು. ನಾಳೆಯಿಂದ ಬೇಡ."

"ಸರ್, ಆ ಕೆಂಪು ಹಸಿರು ಬಿಲ್ಲೆ ಹಾಕಿದ್ರೆ ಸರಿ ಆಗ್ತದೆ. ಉಮಾವತಿ ಮೇಡಂ ಎಲ್ಲ ಹೇಳಿ ಕೊಟ್ಟಿದ್ರಲ್ಲ?"

"ಅದೆಲ್ಲ ಅಪ್ಪನ ಕಾಲದ್ದು. ಏಸಿ ಮೆಂಟೆನೆನ್ಸ್ ಎಲ್ಲ ಈಗ ಕಂಟ್ರಾಕ್ಟಿಗೆ ಕೊಟ್ಟಾಗಿದೆ."

ಅಕ್ಷಿತಾ ಗಂಡನ ಕೈಹಿಡಿದು ಮನೆಗೆ ಕರೆತಂದಳು. ನಿಜವಾದ ಕಷ್ಟ ಮಾರನೆಯ ಬೆಳಿಗ್ಗೆ ಅರ್ಥವಾಯಿತು. ಏಳೂ ಇಪ್ಪತ್ತಕ್ಕೆ ರೋಷನ್ ಸ್ನಾನ ಮಾಡಿ, ತಲೆ ಬಾಚಿ, ಟಿಫಿನ್ ಚೀಲ ಹಿಡಿದು ಹೊರಟು ನಿಂತಿದ್ದ.

"ಇವತ್ತು ಹೋಗ್ಲಿಕ್ಕಿಲ್ಲ," ಎಂದಳು.

"ಎಲ್ಲಿಗೆ?" ಎಂದು ಅವನು ಕೇಳಿದ.

ಎಲ್ಲಿಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಲಿಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಟುಹೋಗಿದ್ದ. ಎಂಟು ಗಂಟೆಗೆ ನೋಣಯ್ಯನ ಫೋನು.

"ಬಂದಿದ್ದಾನೆ ತಂಗಿ. ಗೇಟಿನ ಹತ್ತಿರ ನಿಂತಿದ್ದಾನೆ. ಒಳಗೆ ಬಿಡುವ ಹಾಗಿಲ್ಲ ಅಂತ ಹೇಳಿದ್ದಾರೆ, ನಾನು ಎಂತ ಮಾಡ್ಲಿ?"

ಅವಳು ಓಡಿದಳು. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ. ಮೂರೂವರೆ ತಿಂಗಳು ಒಂದು ತಪ್ಪಿಲ್ಲದೆ ಕಲಿಸಿದ ಪಾಠ ಅಳಿಸುವಂತೆ ಇರಲಿಲ್ಲ. ಕೆಲಸ ಹೋದದ್ದು ಅವನಿಗೆ ತಲುಪುತ್ತಿರಲಿಲ್ಲ.

ಬಾಗಿಲ ಒಳಬದಿಗೆ ಅವಳು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದಳು: ಲಾಡ್ಜಿನ ಕೆಲಸ ಹೋಗಿದೆ, ಮನೆಯಲ್ಲೇ ಇರಿ. ಬೆಳಿಗ್ಗೆ ಅವನು ಅದನ್ನು ಓದಿದ. ಮುಖ ಬಿಳಿಚಿಕೊಂಡಿತು.

"ಯಾವ ಕೆಲಸ ಅಕ್ಷಿ? ನನ್ನನ್ನು ತೆಗೆದ್ರಾ? ನಾನು ಎಂತ ತಪ್ಪು ಮಾಡಿದೆ?"

ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತ. ಆ ದಿನ ಹೋಗಲಿಲ್ಲ. ಮರುದಿನ ಮತ್ತೆ ಓದಿದ, ಮತ್ತೆ ಅದೇ ಪ್ರಶ್ನೆ, ಅದೇ ಮುಖ. ಪ್ರತಿ ಬೆಳಿಗ್ಗೆ ಅವನಿಗೆ ಕೆಲಸ ಹೊಸದಾಗಿ ಹೋಗುತ್ತಿತ್ತು. ಐದನೆಯ ದಿನ ಬಾಗಿ ಎದ್ದು ಬಂದು ಆ ಕಾಗದವನ್ನು ಹರಿದು ಒಲೆಗೆ ಹಾಕಿದಳು.

"ಬೇಡ. ಇದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಹೋಗುದಾದ್ರೆ ಹೋಗಿ ಸಾಯ್ಲಿ," ಎಂದಳು. ಹೇಳಿದವಳೇ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಆಮೇಲೆ ಬಾಗಿಲಿಗೆ ಹೊರಗಿನಿಂದ ಬೀಗ. ಅಕ್ಷಿತಾ ಕೆಲಸಕ್ಕೆ ಹೋದ ಮೇಲೆ ಅವನು ಬಾಗಿಲು ಬಡಿದ, ಕೂಗಿದ, ಯಾರೋ ತನ್ನನ್ನು ಹಿಡಿದು ಕೂಡಿಹಾಕಿದ್ದಾರೆ ಎಂದು ತಿಳಿದು ಕಿಟಕಿಯ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಒಳಗೇ ಇದ್ದ ಬಾಗಿ ರಕ್ತ ನಿಲ್ಲಿಸಲು ತನ್ನ ಸೀರೆಯ ಸೆರಗು ಸುತ್ತಿದಳು. ಕೈಗೆ ಒಂಬತ್ತು ಹೊಲಿಗೆ ಬಿತ್ತು. ಆ ವಾರ ಅಕ್ಷಿತಾ ಅಂಗಡಿಗೆ ಹೋದದ್ದು ಎರಡೇ ದಿನ. ಮಾಲೀಕರು ಕರೆದು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು.

ಕೌಶಲ್ ಹತ್ತಿರ ಅವಳು ಇನ್ನೊಮ್ಮೆ ಹೋದಳು. ಈ ಸಲ ಕೆಲಸ ಕೇಳಲಿಲ್ಲ.

"ಸರ್, ಒಳಗೆ ಎಲ್ಲಾದ್ರೂ ಒಂದು ಮೂಲೆಯಲ್ಲಿ ನಾಲ್ಕು ಗಂಟೆ ಕೂರಿಸ್ಲಿಕ್ಕೆ ಆಗ್ತದಾ? ಸಂಬಳ ಬೇಡ. ಹಳೆ ಫ್ಯಾನ್ ಎಂತಾದ್ರೂ ಕೊಟ್ರೆ ಸಾಕು."

ಕೌಶಲ್ ಕಣ್ಣು ತಪ್ಪಿಸಿದ. "ಇದು ಲಾಡ್ಜ್ ಅಕ್ಕ, ಆಶ್ರಮ ಅಲ್ಲ. ದಿನಾ ಗೇಟಿನಲ್ಲಿ ನಿಲ್ತಾರೆ, ಗಿರಾಕಿಗಳು ಕೇಳ್ತಾರೆ. ಹೀಗೇ ಆದ್ರೆ ನಾನು ಪೊಲೀಸರಿಗೆ ಹೇಳ್ಬೇಕಾಗ್ತದೆ. ದಯವಿಟ್ಟು ನನ್ನಿಂದ ಹಾಗೆ ಮಾಡಿಸ್ಬೇಡಿ."

ಆ ಸಂಜೆ ಅಕ್ಷಿತಾ ಬಾಗಿಯ ಎದುರು ಕುಳಿತಿದ್ದಳು. ರೋಷನ್ ಒಳಗೆ ಕಪಾಟು ತೆರೆದು ಪಾಸ್‌ಪೋರ್ಟ್ ಹುಡುಕುತ್ತಿದ್ದ.

"ಮಾಮಿ, ಒಂದು ಹೇಳ್ತೇನೆ, ಬಯ್ಬೇಡಿ. ಆ ಹತ್ತೊಂಬತ್ತು ದಿನ ಮಲಗಿದ್ರಲ್ಲ. ಏಳದೇ ಇದ್ದಿದ್ರೆ ಅವರಿಗೇ ಒಳ್ಳೆದಿತ್ತಾ ಅಂತ ನನ್ಗೆ ಅನಿಸ್ತದೆ."

ಬಾಗಿಯ ಮೊರದಲ್ಲಿ ಬೀಡಿ ಎಲೆ ಇತ್ತು. ಅವಳು ಕತ್ತರಿ ಕೆಳಗಿಡಲಿಲ್ಲ. ಇನ್ನೂ ನಾಲ್ಕು ಎಲೆ ಕತ್ತರಿಸಿದಳು.

"ನಾನು ಹೆತ್ತವಳು," ಎಂದಳು ಕೊನೆಗೆ. "ನಾನೂ ಹಾಗೆ ನೆನಸಿದ್ದೇನೆ. ಒಂದು ಸಲ ಅಲ್ಲ."

ಇಬ್ಬರೂ ಅಳಲಿಲ್ಲ. ಒಳಗಿನಿಂದ ರೋಷನ್ ಕೂಗಿದ, "ಅಕ್ಷಿ, ರಜೆ ಇನ್ನೆಷ್ಟು ದಿನ ಉಂಟು?" ಅಕ್ಷಿತಾ "ಹನ್ನೆರಡು ದಿನ" ಎಂದಳು.

ಭಾನುವಾರ ಅವಳು ಉಮಾವತಿಗೆ ಫೋನ್ ಮಾಡಿದಳು. ಸಂಸ್ಥೆ ಇಲ್ಲ, ಕೆಲಸ ಇಲ್ಲ, ಇನ್ನು ಅವಳಿಗೆ ಏಕೆ ತೊಂದರೆ ಕೊಡುವುದು ಎಂದು ಅಷ್ಟು ದಿನ ಮಾಡಿರಲಿಲ್ಲ. ಉಮಾವತಿ ಆ ದಿನವೇ ಬಂದಳು. ರೋಷನ್‌ಗೆ ಅವಳ ಗುರುತಾಗಲಿಲ್ಲ. "ಕೂತ್ಕೊಳ್ಳಿ," ಎಂದು ಮರ್ಯಾದೆಯಿಂದ ಕುರ್ಚಿ ಕೊಟ್ಟ. ಅವನ ಕೈಯ ಹೊಲಿಗೆ ನೋಡಿ ಅವಳು ತಲೆ ತಗ್ಗಿಸಿದಳು.

"ನಂದೇ ತಪ್ಪು. ಕೆಲಸ ಹೋದ್ರೆ ಎಂತ ಮಾಡುದು ಅಂತ ನಾನು ಯೋಚನೆಯೇ ಮಾಡ್ಲಿಲ್ಲ. ಬಿಟ್ಟು ಹೋದೆ."

"ತಪ್ಪು ಯಾರದಾದ್ರೆ ಎಂತ ಮೇಡಂ, ಈಗ ಎಂತ ಮಾಡುದು ಹೇಳಿ."

ಉಮಾವತಿ ಯೋಚಿಸಿದಳು. "ಅವರು ಆ ದಾರಿ ಬಿಡುದಿಲ್ಲ. ಬಿಡಿಸ್ಲಿಕ್ಕೆ ಹೋದ್ರೆ ವರ್ಷ ಬೇಕು, ಅಷ್ಟರಲ್ಲಿ ನೀವು ಇಬ್ರೂ ಮುಗೀತೀರಿ. ಆ ದಾರಿಯಲ್ಲೇ ಎಂತಾದ್ರೂ ಉಂಟಾ ಅಂತ ನೋಡುವ. ಸ್ಟಾಪಿನಿಂದ ಗೇಟಿನವರೆಗೆ ಎಷ್ಟು ಅಂಗಡಿ ಉಂಟೋ ಅಷ್ಟೂ ಕೇಳುವ."

ಶಾಲೆಗೆ ಒಂದು ದಿನ ರಜೆ ಹಾಕಿ ಉಮಾವತಿ ಬಂದಳು. ಬೆಳಿಗ್ಗೆ ರೋಷನ್‌ನನ್ನು ಅವನ ಬಸ್ಸಿನಲ್ಲಿಯೇ ಕರೆದುಕೊಂಡು ಅಕ್ಷಿತಾಳೂ ಸೇರಿ ಮೂವರು ಫಳ್ನೀರಿನಲ್ಲಿ ಇಳಿದರು. ಮೊದಲನೆಯದು ಮೆಡಿಕಲ್ ಶಾಪ್. ಅಲ್ಲಿಯವರು ಮಾತು ಮುಗಿಯುವ ಮೊದಲೇ ತಲೆ ಅಲ್ಲಾಡಿಸಿದರು. ಕನ್ನಡಕದ ಅಂಗಡಿಯಲ್ಲಿ ಹುಡುಗಿ ನಂಬರ್ ಬರೆದುಕೊಂಡಳು, ಫೋನ್ ಮಾಡುವುದಿಲ್ಲವೆಂದು ಅವಳ ಮುಖದಲ್ಲೇ ಇತ್ತು. ಜ್ಯೂಸ್ ಅಂಗಡಿಯವನು, "ನನಗೊಬ್ಬನಿಗೇ ಸಾಕಾಗುವಷ್ಟು ಗಿರಾಕಿ ಇಲ್ಲ ಮಾರಾಯ್ರೆ," ಎಂದ. ಜೆರಾಕ್ಸಿನವನು ರೋಷನ್‌ನನ್ನು ನೋಡಿ, "ಹುಚ್ಚಾ?" ಎಂದು ಅವನೆದುರೇ ಕೇಳಿದ. ರೋಷನ್‌ನ ಮುಖ ಕೆಂಪಾಯಿತು. ಐದು ನಿಮಿಷದಲ್ಲಿ ಅವನು ಅದನ್ನು ಮರೆತ. ಅಕ್ಷಿತಾ ಮರೆಯಲಿಲ್ಲ. ಹನ್ನೊಂದು ಅಂಗಡಿಗಳಾದ ಮೇಲೆ ಅವಳು ಫುಟ್‌ಪಾತಿನ ಕಟ್ಟೆಯಲ್ಲಿ ಕುಳಿತುಬಿಟ್ಟಳು.

"ನನ್ನಿಂದ ಇನ್ನು ಆಗುದಿಲ್ಲ ಮೇಡಂ. ಭಿಕ್ಷೆ ಬೇಡಿದ ಹಾಗೆ ಆಗ್ತದೆ."

"ಇನ್ನೊಂದು ಮೂರು ಉಂಟು. ನೀವು ಕೂತಿರಿ, ನಾನು ಕೇಳ್ತೇನೆ."

ಲಾಡ್ಜಿಗೆ ನಲವತ್ತು ಹೆಜ್ಜೆ ಮೊದಲು, ಎಡಬದಿಗೆ, ರಿಯಾಝ್ ಎಂಬವರ ಅಂಗಡಿ. ರೋಗಿಗಳಿಗೆ ಮಂಚ, ವೀಲ್‌ಚೇರ್, ವಾಕರ್ ಬಾಡಿಗೆಗೆ ಕೊಡುವ ಜಾಗ. ಬಾಡಿಗೆ ಮುಗಿಸಿ ಬಂದ ವೀಲ್‌ಚೇರುಗಳು ಹಿಂದೆ ಒಂದರ ಮೇಲೊಂದು ಬಿದ್ದಿದ್ದವು. ಚಕ್ರದಲ್ಲಿ ಕೂದಲು, ಬ್ರೇಕಿನಲ್ಲಿ ತುಕ್ಕು. ರಿಯಾಝ್‌ಗೆ ಐವತ್ತೈದರ ಆಸುಪಾಸು. ಉಮಾವತಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ದಿನಾ ಇಲ್ಲಿಂದ ಹೋಗುದು ನೋಡಿದ್ದೇನೆ ಇವರನ್ನು. ಆದ್ರೆ ಅಕ್ಕ, ಸರಿ ಇರುವ ಜನವೇ ನನ್ನ ಹತ್ತಿರ ನಿಲ್ಲುದಿಲ್ಲ," ಎಂದರು.

ಅಷ್ಟರಲ್ಲಿ ರೋಷನ್ ಒಂದು ವೀಲ್‌ಚೇರಿನ ಎದುರು ಕುಕ್ಕರಗಾಲಿನಲ್ಲಿ ಕುಳಿತಾಗಿತ್ತು. ಹತ್ತನೇ ನಂಬರಿನ ಸ್ಪ್ಯಾನರ್ ಉಂಟಾ ಎಂದು ಕೇಳಿದ. ಮುಂದಿನ ಚಕ್ರ ಬಿಚ್ಚಿ, ಕೂದಲು ಕಿತ್ತು, ಎಣ್ಣೆ ಬಿಟ್ಟು ತಿರುಗಿಸಿದ. ರಿಯಾಝ್ ಸುಮ್ಮನೆ ನೋಡುತ್ತಿದ್ದರು. ಆದರೆ ಚಕ್ರ ಹಾಕಿ ಎದ್ದು ನಿಂತ ಕ್ಷಣ ರೋಷನ್‌ಗೆ ತಾನೆಲ್ಲಿದ್ದೇನೆಂದು ತಿಳಿಯಲಿಲ್ಲ.

"ಯಾರು ನೀನು? ನನ್ನ ಬ್ಯಾಗ್ ಎಲ್ಲಿ? ನನ್ನ ಪಾಸ್‌ಪೋರ್ಟ್ ಯಾರು ತೆಗೆದದ್ದು?" ಎಂದು ರಿಯಾಝ್‌ರ ಮೇಲೆ ಕೂಗಿದ. ಹೊರಗೆ ಕುಳಿತಿದ್ದ ಅಕ್ಷಿತಾ ಓಡಿಬಂದು ಅವನ ಕೈ ಹಿಡಿದಳು. ಎಲ್ಲ ಮುಗಿಯಿತು ಎಂದುಕೊಂಡಳು.

ರಿಯಾಝ್ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಅವನು ತಣ್ಣಗಾಗುವವರೆಗೆ ಕಾದರು.

"ನಮ್ಮ ಉಮ್ಮನಿಗೆ ಕಡೆಗಾಲದಲ್ಲಿ ಹೀಗೇ ಆಗಿತ್ತು," ಎಂದರು. "ಹೆತ್ತ ಮಗನನ್ನೇ ಕಳ್ಳ ಅಂತ ಓಡಿಸ್ತಾ ಇದ್ರು." ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿಟ್ಟು ಹೇಳಿದರು: "ಬೆಳಿಗ್ಗೆ ಎರಡು ಗಂಟೆ ಹೊತ್ತು ಇರ್ಲಿ. ಒಂದು ತಿಂಗಳು ನೋಡುವ. ಗಿರಾಕಿ ಇರುವಾಗ ಹೀಗೆ ಬೊಬ್ಬೆ ಹಾಕಿದ್ರೆ ಅವತ್ತಿಗೇ ಮುಗೀತು. ಆಮೇಲೆ ನನ್ಗೆ ಶಾಪ ಹಾಕ್ಬಾರ್ದು."

ಕೆಲಸ ಸಿಕ್ಕಿದ್ದು ಅರ್ಧ ಮಾತ್ರ. ಅವನ ಕಾಲು ರಿಯಾಝ್‌ರ ಅಂಗಡಿಯಲ್ಲಿ ನಿಲ್ಲುವುದಿಲ್ಲವಲ್ಲ. ಮತ್ತೆ ಮೊದಲಿನಂತೆ, ಪ್ರತಿ ಬೆಳಿಗ್ಗೆ ಯಾರಾದರೂ ಜೊತೆಗಿದ್ದು, ಆ ಬಾಗಿಲ ಎದುರು ಬಂದಾಗ ಭುಜ ಮುಟ್ಟಿ ಎಡಕ್ಕೆ ತಿರುಗಿಸಬೇಕು. ಉಮಾವತಿಗೆ ಶಾಲೆ ಎಂಟೂವರೆಗೆ. ಅವಳು ಶನಿವಾರ ಮಾತ್ರ ಬರಬಲ್ಲಳು. ಉಳಿದ ದಿನ ಅಕ್ಷಿತಾಳೇ ಹೋಗಬೇಕಾಯಿತು. ಫಳ್ನೀರಿನಿಂದ ಸುರತ್ಕಲ್ ಮುಟ್ಟುವಾಗ ಹನ್ನೊಂದು. ಮೂರನೆಯ ವಾರ ಬಟ್ಟೆ ಅಂಗಡಿಯವರು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಜಗಳವಾಡಲಿಲ್ಲ. ಮನೆಗೆ ಬಂದು ಬಾಗಿಯ ಹತ್ತಿರ ಕುಳಿತು, "ನನಗೂ ಎಲೆ ಕತ್ತರಿಸ್ಲಿಕ್ಕೆ ಹೇಳಿಕೊಡಿ ಮಾಮಿ," ಎಂದಳು.

ಅಂಗಡಿಯ ಬಾಗಿಲಿಗೆ ಉಮಾವತಿ ಲಾಡ್ಜಿನ ಗೇಟಿನ ಹಳೆಯ ಬಣ್ಣದ್ದೇ ನೀಲಿ ಪಟ್ಟಿ ಹಚ್ಚಿಸಿದಳು. ತೊಳೆಯಬೇಕಾದ ವೀಲ್‌ಚೇರುಗಳನ್ನು ಕೆಂಪು ಗೆರೆಯೊಳಗೆ, ಮುಗಿದದ್ದನ್ನು ಹಸಿರು ಗೆರೆಯೊಳಗೆ ಇಡುವಂತೆ ನೆಲಕ್ಕೆ ಬಣ್ಣ ಹಾಕಿಸಿದಳು. ರಿಯಾಝ್‌ರಿಂದ ಮಾತು ತೆಗೆದುಕೊಂಡಳು: ಏನೇ ಬದಲಿಸುವುದಿದ್ದರೂ ಮೊದಲು ತನಗೆ ಫೋನ್ ಮಾಡಬೇಕು. ಎರಡು ಸಲ ರೋಷನ್ ಗಿರಾಕಿಯ ಎದುರೇ ಬೊಬ್ಬೆ ಹಾಕಿದ. ರಿಯಾಝ್ ಬೈದರು, ಬಾಗಿಲು ಹಾಕಿಕೊಂಡರು, ಮರುದಿನ ಮತ್ತೆ ತೆರೆದು ಸ್ಪ್ಯಾನರ್ ಕೊಟ್ಟರು. ಯಾಕೆ ಎಂದು ಅಕ್ಷಿತಾ ಕೇಳಲಿಲ್ಲ. ಕೇಳಿದರೆ ಅವರು ಮನಸ್ಸು ಬದಲಿಸಿಯಾರೆಂಬ ಹೆದರಿಕೆ.

ಈಗ ಎಂಟು ತಿಂಗಳಾಗಿದೆ. ರೋಷನ್ ಒಬ್ಬನೇ ಬಸ್ಸಿಳಿದು ನಡೆಯುತ್ತಾನೆ. ವಾರದಲ್ಲಿ ಮೂರು ದಿನ, ಕೆಲವೊಮ್ಮೆ ನಾಲ್ಕು ದಿನ, ನೀಲಿ ಪಟ್ಟಿಯ ಹತ್ತಿರ ತಾನಾಗಿ ತಿರುಗುತ್ತಾನೆ. ಉಳಿದ ದಿನ ನೇರ ಲಾಡ್ಜಿನ ಗೇಟಿಗೆ. ನೋಣಯ್ಯ ಗೇಟು ಬಿಟ್ಟು ಬರಬಾರದು, ಆದರೂ ಬರುತ್ತಾನೆ. ಕೌಶಲ್ ಇಲ್ಲದ ಹೊತ್ತು ನೋಡಿಕೊಂಡು, "ಬಾ ಮಗಾ, ಅಲ್ಲಿ ಕೆಲಸ ಕಾಯ್ತಾ ಉಂಟು," ಎಂದು ಕೈಹಿಡಿದು ನಲವತ್ತು ಹೆಜ್ಜೆ ಹಿಂದಕ್ಕೆ ಕರೆತರುತ್ತಾನೆ. ಕೆಲಸ ಮುಗಿದ ಮೇಲೆ ರಿಯಾಝ್ ಅವನನ್ನು ಮರಳುವ ಬಸ್ಸಿಗೆ ಹತ್ತಿಸುತ್ತಾರೆ. ಭಾನುವಾರ ರಿಯಾಝ್‌ರ ಅಂಗಡಿ ಮುಚ್ಚಿರುತ್ತದೆ. ಅವತ್ತು ಅಕ್ಷಿತಾ ಜೊತೆಗೆ ಹೋಗಿ, ಮುಚ್ಚಿದ ಬಾಗಿಲನ್ನು ಅವನಿಗೆ ತೋರಿಸಿ, ಮುಂದಿನ ಬಸ್ಸಿಗೆ ವಾಪಸ್ ಕರೆದುಕೊಂಡು ಬರುತ್ತಾಳೆ. ಎರಡು ಗಂಟೆ ಹೊತ್ತಿನ ಕೆಲಸದ ಶಾಂತಿ ಮಧ್ಯಾಹ್ನದವರೆಗೆ ಇರುತ್ತದೆ. ಮೂರರ ನಂತರ ಮತ್ತೆ ಕಪಾಟು, ಮತ್ತೆ ಪಾಸ್‌ಪೋರ್ಟ್.

ಉಮಾವತಿ ಹಳೆಯ ಸಂಸ್ಥೆಯನ್ನು ಮತ್ತೆ ನಡೆಸಲು ಯಾರಾದರೂ ಮುಂದೆ ಬರುತ್ತಾರೋ ಎಂದು ಅಲ್ಲಲ್ಲಿ ಕೇಳುತ್ತಿದ್ದಾಳೆ. ಅವಳ ಪಟ್ಟಿಯಲ್ಲಿ ರೋಷನ್‌ನಂತೆ ಇನ್ನೂ ಹದಿನೇಳು ಜನರಿದ್ದರು. ಅವರಲ್ಲಿ ಎಷ್ಟು ಜನರ ಕೆಲಸ ಉಳಿದಿದೆ ಎಂದು ಅಕ್ಷಿತಾ ಒಮ್ಮೆ ಕೇಳಿದಾಗ ಉಮಾವತಿ ಬೇರೆ ಮಾತು ತೆಗೆದಳು.

ಬರುವ ತಿಂಗಳು ನೋಣಯ್ಯ ಕೆಲಸ ಬಿಡುತ್ತಾನೆ. ಮೊಣಕಾಲು ಕೇಳುವುದಿಲ್ಲವಂತೆ. ಅವನ ಜಾಗಕ್ಕೆ ಯಾರು ಬರುತ್ತಾರೆಂದು ಲಾಡ್ಜಿನಲ್ಲಿ ಯಾರಿಗೂ ಗೊತ್ತಿಲ್ಲ. ಯಾವುದೋ ಏಜೆನ್ಸಿಯವರು ಕಳಿಸುತ್ತಾರೆ, ವಾರಕ್ಕೊಬ್ಬರು ಬದಲಾದರೂ ಆಶ್ಚರ್ಯವಿಲ್ಲ ಎಂದು ನೋಣಯ್ಯನೇ ಹೇಳಿದ್ದಾನೆ. ಹೊಸಬ ಬಂದ ದಿನ ಬೆಳಿಗ್ಗೆ ಬೇಗ ಹೋಗಿ ಅವನಲ್ಲಿ ಮಾತಾಡಬೇಕು, ಬೈದರೂ ಕೇಳಿಸಿಕೊಳ್ಳಬೇಕು, ರೋಷನ್‌ನ ಫೋಟೋ ಮತ್ತು ತನ್ನ ನಂಬರು ಕೊಟ್ಟು ಬರಬೇಕು ಎಂದು ಅಕ್ಷಿತಾ ನಿಶ್ಚಯಿಸಿದ್ದಾಳೆ. ಅವನು ಬದಲಾದರೆ ಅವನ ನಂತರದವನಿಗೂ ಹಾಗೆಯೇ ಹೇಳಬೇಕಾಗುತ್ತದೆ. ಫೋಟೋದ ಹತ್ತು ಪ್ರತಿ ತೆಗೆಸಿಟ್ಟಿದ್ದಾಳೆ.